ವೃತ್ತಿ ಅನ್ನೋ ಖಾನೆ

ಆ ಖಾನೆ ಖಾಲಿ ಬಿಡಬ್ಯಾಡ್ರಿ ಸಾಹೇಬ್ರ.
ಹಿಂದಿನ ಸಲ ಇದ್ದವರು ನನ್ನ ಮಾರಿ ನೋಡದನ
ಹೆಲ್ಪರ್ ಅಂತ ಬರದು ಸೀಲು ಒತ್ತಿದ್ರು.

ಹೌದ್ರಿ, ಹುಲಿಗೆಮ್ಮ. ಗಂಡನ ಹೆಸರೂ ಬೇಕಾ?
ಇರಲಿ, ಯಮನಪ್ಪ. ಹುಟ್ಟಿದ್ದು ದೇವದುರ್ಗದ ಕಡೆ,
ಈಗ ಇರೂದು ಥಣಿಸಂದ್ರದಾಗ, ತಗಡಿನ ಶೆಡ್ಡು.
ನಂಬರ್ ಇಲ್ರಿ ಅದಕ್ಕ.
ಬಿಲ್ಡಿಂಗ್ ಮುಗದ್ರ ಶೆಡ್ಡೂ ಮುಗೀತೈತಿ,
ನಮ್ಮ ವಿಳಾಸ ಅಂದ್ರ ಮುಂದಿನ ಪಾಯ.

ಮೊದಲ ಎಂಟು ವರ್ಷ ಬರೇ ಬಾಣಲಿ.
ತಲಿ ಮ್ಯಾಲೆ ಸಿಂಬಿ, ಸಿಂಬಿ ಮ್ಯಾಲೆ ಕಾಂಕ್ರೀಟು.
ಮೋಲ್ಡ್ ಹಾಕೂ ದಿನ ಮಿಕ್ಸರ್ ನಿಲ್ಲೂದಿಲ್ಲ,
ಒಬ್ಬಾಕಿ ಒಂದಕ್ಕ ಹೋದ್ರ ಸಾಲೇ ಹರೀತೈತಿ ಅಂತ
ನೀರು ಕುಡಿಯೂದ ಬಿಡ್ತಿದ್ವಿ ಮುಂಜಾನಿಂದ.

ಆಮ್ಯಾಲೊಂದು ದಿನ, ಹೆಣ್ಣೂರ ಹತ್ರ, ಮೂರನೇ ಮಹಡಿ,
ಮಟ್ಟದ ಪೈಪು ಹಿಡಿ ಅಂದ ಮುನಿಯಾಂಡಿ ಮೇಸ್ತ್ರಿ.
ಯಾವಾಗಲೂ ಹಿಡಿಯೋ ಹುಡುಗ ಜ್ವರ ಬಂದು ಮಲಗಿದ್ದ.
ಆ ತುದಿ ಅವನ ಕೈಯಾಗ, ಈ ತುದಿ ನನ್ನ ಕೈಯಾಗ,
ನಡುವ ಎರಡು ಕೋಣಿ, ಒಂದು ಹಸಿ ಗ್ವಾಡಿ.
ಅವ ನನಗ ಕಾಣ, ನಾ ಅವಗ ಕಾಣೆ.
ಪೈಪಿನಾಗ ನೀರು ಕುಣೀತು, ತೂಗಿತು,
ನಿಂತಿತು.
ನಿಂತಲ್ಲಿ ಗೆರಿ ಎಳಿ ಅಂತ ಕೂಗಿದ. ಎಳದೆ.
ಅವನ ಗೆರಿ ನನ್ನ ಗೆರಿ ಒಂದ ಎತ್ತರ ಸಾಹೇಬ್ರ.
ಯಾರ ಕೂಲಿ ಎಷ್ಟಂತ ನೀರಿಗೇನು ಗೊತ್ತು.

ಅವತ್ತಿಂದ ಕೈ ಸುಮ್ಮನ ಕೂಡಲಿಲ್ರಿ.
ಊಟದ ಹೊತ್ತಿನಾಗ ಮೇಸ್ತ್ರಿ ಅಡ್ಡಾದಾಗ
ಲಿಫ್ಟಿನ ಗುಂಡಿ ಹಿಂದ, ಯಾರೂ ನೋಡದ ಗ್ವಾಡಿಗೆ
ಅವನ ಕರಣೆ ಕದ್ದು ಗಾರೆ ಹೊಡದೆ.
ಮೆತ್ತಿದ್ರ ಬೀಳ್ತೈತಿ. ಬೀಸಿ ಹೊಡೀಬೇಕು.
ಮಣಿಕಟ್ಟಿನಾಗ ಐತಿ ಅದು,
ಜ್ವಾಳದ ರೊಟ್ಟಿ ಬಡದ ಮಣಿಕಟ್ಟಿಗೆ
ಯಾರೂ ಹೇಳಿಕೊಡೂದು ಬೇಕಾಗಿಲ್ಲ.
ಎದ್ದು ಬಂದು ರಸಮಟ್ಟ ಇಟ್ಟ. ಗುಳ್ಳಿ ನಡುವ ಬಂತು.
ಎಲಿ ಅಡಕಿ ಉಗುಳಿ, ಗುಳ್ಳಿನೇ ನೋಡಿದ ಭಾಳ ಹೊತ್ತು.
ಕರಣೆ ಮಾತ್ರ ವಾಪಸ್ ಕೇಳಲಿಲ್ಲ.

ಈಗ ಹನ್ನೊಂದು ವರ್ಷ ಆತ್ರಿ,
ಗಾರೆ, ಟೈಲ್ಸು, ಬಚ್ಚಲದ ಇಳಿಜಾರು.
ನಾ ಮಾಡಿದ ಬಚ್ಚಲದಾಗ ಒಂದು ಲೋಟ ನೀರೂ ನಿಲ್ಲೂದಿಲ್ಲ.
ನೋಡೂಣಂದ್ರ ವಾಚ್‌ಮನ್ ಗೇಟಿನ ಒಳಗ ಬಿಡಂಗಿಲ್ಲ,
ಯಾವ ಫ್ಲಾಟಿಗೆ ಅಂತ ಕೇಳ್ತಾನ.
ಎಲ್ಲಾ ಫ್ಲಾಟಿಗೆ ಅಂದ್ರ ನಗ್ತಾನ.

ಹೆಬ್ಬಟ್ಟಾ? ಇಡ್ತೀನಿ.
ಕೆಂಪು ಬಂತಾ. ಇನ್ನೊಮ್ಮಿ ಒರಸಿ ಇಡ್ಲಾ?
ಸಿಮೆಂಟು ತಿಂದೈತ್ರಿ ಬೆರಳಿನ ಗೆರಿ,
ಹ್ವಾದ ಸಲಾನೂ ಹಿಂಗ ಆಗಿತ್ತು,
ಎಡಗೈದು ನಡುಬೆರಳು ಒಂದೊಂದ್ಸಲ ಹಿಡೀತೈತಿ.
ಹಿಡೀತಾ? ನೋಡ್ರಿ ಮತ್ತ.

ಪೆನ್ನು ಇಲ್ಲಿ ಕೊಡ್ರಿ, ಆ ಖಾನೆ ನಾನ ತುಂಬ್ತೀನಿ.
ಮಗಳು ಕಲಿಸ್ಯಾಳ, ಎರಡು ಪದ ಬರ್ತಾವ.
ಗಾರೆ. ಮೇಸ್ತ್ರಿ.
ಒತ್ತಕ್ಷರಕ್ಕ ಸ್ವಲ್ಪ ಹೊತ್ತು ಹಿಡೀತೈತಿ, ಹಿಂದಿನವರು ತಡ್ಕೊಳ್ರಿ.

ಒಂದು ಮಾತು ಸಾಹೇಬ್ರ, ಸಿಟ್ಟು ಮಾಡ್ಕೋಬ್ಯಾಡ್ರಿ,
ಈ ಜೆರಾಕ್ಸು ಮಾಡಿದವರಿಗೆ ಹೇಳ್ರಿ,
ನಿಮ್ಮ ಖಾನೆ ಸೊಟ್ಟ ಐತಿ,
ಎಡಕ್ಕ ಒಂದು ನೂಲು ಇಳದೈತಿ.