ಪರಸಿಯ ತುಂಡು

ಸುರಪುರದ ಗುಡ್ಡದ ಹಿಂದ
ತೊಗರಿಹೊಟ್ಟು ತುಂಬಿದ ತಟ್ಟಿನ ಚೀಲ.
ನನ್ನ ಬಾಣ ಮತ್ತ ಗೇಣು ಎಡಕ್ಕ.

ಪಿಡ್ಡಪ್ಪ ಕಾಕಾ ಚೀಲ ನೋಡಲಿಲ್ಲ,
ನನ್ನ ಹಿಮ್ಮಡಿ ನೋಡಿದ.
"ಟೊಂಕ ಯಾಕ ಹೊಳ್ಳತದ?
ಬೆನ್ನಿಲೆ ಜಗ್ಗು. ಬೆರಳು ಬರೇ ಕೊಂಡಿ."

ಅವನ ಎಡಗಾಲು ಎರಡು ಬೆರಳು ಗಿಡ್ಡ.
ಲೂನಾ ಮ್ಯಾಲಿಂದ ಬಿದ್ದದ್ದು.
ಬಗಲಚೀಲದಿಂದ ಶಹಾಬಾದ್ ಪರಸಿಯ ತುಂಡು ತೆಗೆದು
ಆ ಪಾದದಡಿ ಇಟ್ಟ,
ಅಲುಗಿಸಿ ನೋಡಿದ.
ತುಂಬಿದ ಕೊಡ ಹೊತ್ತಂಗ
ಭುಜ ಎರಡೂ ಸಮ ಬಂದವು.
ಉಸಿರು ಅರ್ಧಕ್ಕ ನಿಂತಿತು.
ಚೀಲ ದಬ್ ಅಂತು.

ಅವ ಚಾ ಕುಡಿಯಾಕ ಹೋದಾಗ
ನಾನೂ ಆ ಕಲ್ಲು ಹತ್ತಿದೆ.
ಬಾಣ ಜಾಲಿಕಂಟ್ಯಾಗ.

ಕಲ್ಲು ತಿರುಗಿ ಇಡುವಾಗ ಕಂಡಿತು:
ಅಂಚಿನಾಗ ಸವೆದ ಕುಳಿ,
ಅವನ ಹೆಬ್ಬೆರಳಿನಷ್ಟು.

ಚಪ್ಪಲಿ ಬಿಟ್ಟೆ.
ಕಾದ ನೆಲ. ಒಂದು ಹರಳು ಚುಚ್ಚಿತು,
ಅದನ್ನೂ ತೆಗೀಲಿಲ್ಲ.