ಮೂರನೇ ಸೀಸನ್, ಹನ್ನೊಂದನೇ ಕಂತು

ಡಿಸೆಂಬರಿನ ಡುಲೂತ್. ನಾಲ್ಕೂವರೆಗೇ ಕತ್ತಲು.
ಸರೋವರದ ಕಡೆ ಹಡಗೊಂದು ಗುಟುರು ಹಾಕುತ್ತದೆ.
ಐನಾರ್ ಕೇಳುತ್ತಾನೆ: ಮತ್ತೆ ಅದೇನಾ?
ಹೌದು, ಅದೇ.
ಕೊಲೆ ಮಾಡಿದ್ದು ಯಾರು ಅಂತ ನಮ್ಮ ಬೆಕ್ಕಿಗೂ ಗೊತ್ತು.

ತಪ್ಪುಗಳು ಬೇಕಾದಷ್ಟಿವೆ.
ಅಷ್ಟು ಹೊತ್ತು ಯಾವ ಜಡ್ಜೂ ಸುಮ್ಮನಿರುವುದಿಲ್ಲ,
ಯಾವ ವಕೀಲನ ಬೂಟೂ ಹಾಗೆ ಹೊಳೆಯುವುದಿಲ್ಲ.
ಇಪ್ಪತ್ತೊಂಬತ್ತು ವರ್ಷ ಶೀಘ್ರಲಿಪಿ ಯಂತ್ರದ ಮುಂದೆ ಕೂತು
ಕಂಡಕಂಡವರ ಮಾತು ಬೆರಳಲ್ಲಿ ಹಿಡಿದವಳು,
ನನಗೇ ಹೇಳಿಕೊಡಬೇಡಿ.

ಆದರೆ ಆ ನಲವತ್ತನೇ ನಿಮಿಷ!
ಸಾಕ್ಷಿಕಟ್ಟೆಯಲ್ಲಿ ತಾಯಿ.
ಎದುರಿಗೆ, ಅವಳನ್ನು ಸೀಳಿಹಾಕಬೇಕಾದ ವಕೀಲ.
ಏಳುತ್ತಾನೆ. ಕಾಗದ ನೋಡುತ್ತಾನೆ.
ಕೋಟಿನ ಗುಂಡಿ ಹಾಕಿ, ಮತ್ತೆ ಬಿಚ್ಚಿ,
'ನನ್ನದೇನೂ ಪ್ರಶ್ನೆ ಇಲ್ಲ' ಅಂದು ಕೂರುತ್ತಾನೆ.
ಕೇಸು ಹೋಯಿತು.

ಎಲ್ಲರೂ ಅವನ ಮುಖ ನೋಡುತ್ತಾರೆ. ನಾನು
ಪರದೆಯ ಎಡಮೂಲೆಯಲ್ಲಿ ಹೆಸರಿಲ್ಲದ ಆ ಹೆಂಗಸನ್ನು:
ನನ್ನದೇ ಕುರ್ಚಿ, ನನ್ನದೇ ಯಂತ್ರ,
ಎತ್ತಿದ ಬೆರಳು ಇಳಿಸದೆ ಕೂತಿದ್ದಾಳೆ.
ನಿರ್ದೇಶಕ ಹೇಳಿದನೋ, ತಾನೇ ಮರೆತಳೋ.

ಮೌನಕ್ಕೆ ನಮ್ಮಲ್ಲಿ ಕೀಲಿಯಿಲ್ಲ.
ತೊಂಬತ್ತೆರಡರ ಮಾರ್ಚ್, ಲುಂಡ್‌ಕ್ವಿಸ್ಟ್ ಹುಡುಗನ ಕೇಸು:
ಅವನ ತಾಯಿ ಮೇಜಿನ ಅಂಚು ಸವರುತ್ತ
ಕೂತಿದ್ದಳು, ಗಡಿಯಾರ ಕೇಳಿಸುವಷ್ಟು ಹೊತ್ತು.
ನನ್ನ ದಾಖಲೆಯಲ್ಲಿ ಒಂದೇ ಸಾಲು:
ಸಾಕ್ಷಿ ಉತ್ತರಿಸಲಿಲ್ಲ.
ಸಹಿ ನನ್ನದು.

ಐನಾರ್, ಒಂದಿಷ್ಟು ಹಿಂದಕ್ಕೆ ಹಾಕು.
ಅಷ್ಟು ಬೇಡ. ಅವಳ ಬೆರಳಿನವರೆಗೆ.