ಹದಿನೈದು ಅಂಕದ ಪ್ರಶ್ನೆ

ಕಲಬುರಗಿ. ಮೇ ತಿಂಗಳ ಮೌಲ್ಯಮಾಪನ ಕೋಣೆ.
ಕೂಲರಿನಲ್ಲಿ ನೀರು ಮುಗಿದು
ಬರೀ ಸದ್ದು ಬೀಸುತ್ತಿದೆ.
ಇತಿಹಾಸದವರು ಕಟ್ಟುಗಳ ಗುಡ್ಡದ ಹಿಂದೆ ಕಾಣುತ್ತಿಲ್ಲ,
ತತ್ತ್ವಶಾಸ್ತ್ರದ್ದು ಒಂದೇ ಕಟ್ಟು, ನಲವತ್ತೊಂದು ಪತ್ರಿಕೆ,
ತಲೆದಿಂಬಿಗೂ ಸಾಲದು.

ಪ್ರಶ್ನೆ ಐದು: ದೇವರ ಅಸ್ತಿತ್ವ ಕುರಿತ ವಾದಗಳನ್ನು ವಿಮರ್ಶಿಸಿ.
ಮೇಳಕುಂದಿ ಸರ್ ಅಂಕ ಹಂಚಿಕೊಟ್ಟಿದ್ದಾರೆ:
ಮೂರು ವಾದ, ತಲಾ ನಾಲ್ಕು,
ಉಪಸಂಹಾರಕ್ಕೆ ಮೂರು.
ಉಪಸಂಹಾರದಲ್ಲಿ ದೇವರು ಇರಲಿ, ಇಲ್ಲದಿರಲಿ,
ಅಂಕ ಅಷ್ಟೇ.

ನಲವತ್ತು ಪತ್ರಿಕೆಗಳಲ್ಲಿ
ಮಡಕೆಯಿದೆ, ಆದ್ದರಿಂದ ಕುಂಬಾರ.
ಬೆಟ್ಟದಲ್ಲಿ ಹೊಗೆ, ಆದ್ದರಿಂದ ಬೆಂಕಿ.
ಬಯಲುಸೀಮೆಯ ಮಕ್ಕಳು
ಒಂದೇ ಗೈಡಿನ ಒಂದೇ ಬೆಟ್ಟ
ಸಾಲಾಗಿ ಹತ್ತಿ ಇಳಿದಿದ್ದಾರೆ.

ನಲವತ್ತೊಂದನೆಯದರ ಮೊದಲ ಸಾಲು ಪುಸ್ತಕದ್ದು.
ಎರಡನೆಯದರಿಂದ ಶಹಾಬಾದಿನದು:

‘ನಮ್ಮಪ್ಪ ಫರಸಿ ಖಣಿಯಾಗ ಕಲ್ಲು ಎಬ್ಬಸ್ತಾನ್ರಿ.
ಇದಕ್ಕ ಪದರ ಯಾರು ಮಾಡ್ಯಾರ ಅಂತ ಕೇಳಿದ್ದೆ.
ಯಾರೂ ಇಲ್ಲ, ತಾನ ಬಿಡ್ತದ,
ಎಲ್ಲಿ ಬಡೀಬೇಕಂತ ನಾವು ಕಿವಿಗೊಡ್ತೀವಿ, ಅಂದ.
ಆದ್ರ ದಿನಾ ಸುತ್ತಿಗಿ ಎತ್ತೂ ಮೊದ್ಲು
ಕಲ್ಲಿಗಿ ಹಣಿ ಹಚ್ಚತಾನ.
ಯಾರೂ ಇಲ್ಲಂದ ಮ್ಯಾಲ ಯಾರಿಗಿ ಅಂತ ಕೇಳಿಲ್ಲ.
ಕೇಳಿದ್ರ ನಿಲ್ಲಸಿಬಿಟ್ಟಾನು ಅಂತ ಅಂಜಿಕಿ.
ಈ ವಾದಕ್ಕ ಹೆಸರು ಗೊತ್ತಿಲ್ಲ.’

ಅಲ್ಲಿಗೆ ನಿಂತಿದೆ. ಕೆಳಗೆ ಅರ್ಧ ಪುಟ ಖಾಲಿ.

ನನಗೂ ಗೊತ್ತಿಲ್ಲ, ಮಗು.
ನಂಬಿಕೆಯ ವಾಕ್ಯಗಳಿಗೆ ಸತ್ಯಮೌಲ್ಯ ಉಂಟೇ ಎಂದು
ಏಳು ವರ್ಷ ಪಿಎಚ್‌ಡಿ ಮಾಡಿದವನು ನಾನು.
ಜೇವರ್ಗಿ ರಸ್ತೆಯ ಆಟೋದವನು ಒಮ್ಮೆ ಕೇಳಿದ್ದ:
ಸರ, ಇಷ್ಟ್ ಓದೀರಿ, ಅದಾನೋ ಇಲ್ಲೋ?
ಇರುವುದು ಅಂದರೇನೆಂದು ಮೊದಲು ನೋಡೋಣ, ಅಂದೆ.
ಇಳೀರಿ, ನಿಮ್ಮ ಮನಿ ಬಂತು, ಅಂದ.

ಮುಖಪುಟದ ಮೂಲೆ ಹರಿದು ತೆಗೆದಿದ್ದಾರೆ.
ಹೆಸರಿಲ್ಲ, ಆರಂಕಿಯ ಗುಪ್ತ ಸಂಖ್ಯೆ.
‘ಳ’ ಬರೆಯುವಾಗೆಲ್ಲ ಕೈ ಕೊಂಚ ತಡೆದಿದೆ.
ನಡುವೆ ಶಾಯಿಯ ಬಣ್ಣ ಬೇರೆ,
ಪಕ್ಕದವರ ಪೆನ್ನು ಇಸಿದುಕೊಂಡಿರಬೇಕು.
ಅಂಚಿನಲ್ಲಿ ಬೆವರಿನ ಒಂದು ಹೆಬ್ಬೆರಳು.
ಹುಡುಗಿ ಅನ್ನಿಸುತ್ತದೆ, ಆಧಾರವಿಲ್ಲ.
ಬರಹವಿದೆ, ಆದ್ದರಿಂದ…
ನಾನೂ ಅದೇ ಬೆಟ್ಟ ಹತ್ತುತ್ತಿದ್ದೇನೆ.

ಖಮರುನ್ನಿಸಾ ಮೇಡಂ ಇಣುಕಿ ನೋಡಿದರು.
ಒಂದು ವಾದಾನೂ ಪೂರಾ ಇಲ್ಲ,
ನಾಲ್ಕು ಕೊಟ್ಟು ಮುಂದ ಹೋಗ್ರಿ.
ಅಷ್ಟರಲ್ಲಿ ಅಜಾನ್ ಆಯಿತು.
ಎಡಗೈಯಲ್ಲಿ ತಲೆಯ ಮೇಲೆ ಸೆರಗೆಳೆದುಕೊಂಡರು,
ಬಲಗೈ ಅಂಕ ಕೂಡಿಸುತ್ತಲೇ ಇತ್ತು.

ಹನ್ನೊಂದು ಬರೆದೆ.
ಹೊಡೆದು ಹಾಕಿ ಹದಿಮೂರು ಮಾಡಿ ಪಕ್ಕಕ್ಕೆ ಸಹಿ ಹಾಕಿದೆ.
ಖಾಲಿ ಜಾಗಕ್ಕೆ ಕೆಂಪು ಗೆರೆ ಎಳೆಯಬೇಕು, ನಿಯಮ.
ಎಳೆಯಲಿಲ್ಲ.

ಸೆಕೆಗೆ ಬಿಟ್ಟಿದ್ದ ಚಪ್ಪಲಿ
ಮೇಜಿನಡಿ ಎಲ್ಲೋ ಸರಿದಿತ್ತು.
ಬರಿಗಾಲಿಗೆ ನೆಲದ ಫರಸಿ ತಣ್ಣಗೆ ತಾಕಿತು.
ಎಲ್ಲಿಯ ಖಣಿಯದೋ, ಯಾರು ಎಬ್ಬಿಸಿದ್ದೋ.
ಕಾಲು ಎಲ್ಲಿಡಬೇಕೆಂದು
ಒಂದು ಗಳಿಗೆ ತಿಳಿಯಲಿಲ್ಲ.